ಆಫೀಸ್ ಕೆಲಸ ಮುಗಿಸಿ ಬಂದು ಗೇಮ್‌ನಲ್ಲೂ ಕೆಲಸವೇ?

"ದಿನವಿಡೀ ದುಡಿದು ಬರುತ್ತೀಯ, ಮನೆಗೆ ಬಂದ ಮೇಲೆ ಗೇಮ್‌ನಲ್ಲಿ ಮೀನು ಹಿಡಿಯುತ್ತೀಯ, ಹೋಟೆಲ್ ನಡೆಸುತ್ತೀಯ. ಇದ್ಯಾವ ಸೀಮೆ ಆರಾಮ?" ನಾನು ಡೇವ್ ದ ಡೈವರ್ ಆಡುವುದನ್ನು ನೋಡಿದವರೆಲ್ಲ ಕೇಳುವುದು ಇದನ್ನೇ. ಅಕ್ಕ ಅಂತೂ ಫೋನ್ ಮಾಡಿದಾಗಲೆಲ್ಲ ಕೇಳುತ್ತಾಳೆ.

ಇದು ದಕ್ಷಿಣ ಕೊರಿಯಾದ ಮಿಂಟ್‌ರಾಕೆಟ್ ಮಾಡಿದ ಗೇಮ್. 2023ರ ಜೂನ್‌ನಲ್ಲಿ ಪೂರ್ತಿ ಬಿಡುಗಡೆಯಾಯಿತು. ಡೇವ್ ಹಗಲು ಬ್ಲೂ ಹೋಲ್ ಅನ್ನುವ ಸಮುದ್ರಕ್ಕೆ ಇಳಿದು ಮೀನು ಹಿಡಿಯುತ್ತಾನೆ, ರಾತ್ರಿ ಸುಶಿ ಅನ್ನುವ ಮೀನು-ಅನ್ನದ ಜಪಾನೀ ತಿನಿಸಿನ ಹೋಟೆಲ್‌ನಲ್ಲಿ ಬಡಿಸುತ್ತಾನೆ. ಅಡುಗೆ ಬಾಂಚೋ ಅನ್ನುವ ಬಾಣಸಿಗನದು.

ನನಗೆ ಇದು ಯಾಕೆ ಆರಾಮ ಅಂದರೆ, ಇಲ್ಲಿ ಮಾಡಿದ ಕೆಲಸ ಏನಾಯಿತು ಅಂತ ಅವತ್ತೇ ಕಾಣುತ್ತದೆ. ಆಫೀಸಿನಲ್ಲಿ ನಾನು ಕಳಿಸಿದ ಫೈಲ್ ಎಲ್ಲಿಗೆ ಹೋಯಿತು, ಯಾರಿಗೆ ಉಪಯೋಗಕ್ಕೆ ಬಂತು ಅಂತ ಎಷ್ಟೋ ಸಲ ತಿಳಿಯುವುದೇ ಇಲ್ಲ. ಇಲ್ಲಿ ಮಧ್ಯಾಹ್ನ ಬೆನ್ನಟ್ಟಿ ಹಿಡಿದ ಮೀನು ರಾತ್ರಿ ಮೆನುವಿಗೆ ಬರುತ್ತದೆ, ಯಾರೋ ತಿಂದು ದುಡ್ಡು ಕೊಡುತ್ತಾರೆ, ಆ ದುಡ್ಡಿನಲ್ಲಿ ಆಕ್ಸಿಜನ್ ಟ್ಯಾಂಕ್ ದೊಡ್ಡದು ಮಾಡಿಸಿಕೊಂಡು ನಾಳೆ ಇನ್ನೂ ಆಳಕ್ಕೆ ಇಳಿಯುತ್ತೇನೆ, ಅಲ್ಲಿ ಸಿಗುವುದು ಬೇರೆಯದೇ ಮೀನು.

ನೀರೊಳಗಿನ ಲೆಕ್ಕಾಚಾರವೂ ಚೆನ್ನಾಗಿದೆ. ಆಕ್ಸಿಜನ್ನೇ ಡೇವ್‌ನ ಜೀವ. ಶಾರ್ಕ್ ಕಚ್ಚಿದರೂ ಕಡಿಮೆಯಾಗುವುದು ಅದೇ. ಪೂರ್ತಿ ಖಾಲಿಯಾದರೆ ಹಿಡಿದಿದ್ದರಲ್ಲಿ ಒಂದೇ ಒಂದನ್ನು ಉಳಿಸಿಕೊಂಡು ಮೇಲೆ ಬರಬೇಕು. ಚೀಲದ ಭಾರ ಜಾಸ್ತಿಯಾದರೆ ಈಜು ನಿಧಾನವಾಗುತ್ತದೆ. ಇನ್ನೊಂದು ಹಿಡಿಯಲಾ, ಸಾಕು ಅಂತ ಮೇಲೇರಲಾ ಅನ್ನುವ ಆ ಯೋಚನೆಯಲ್ಲಿ ತಲೆಯಲ್ಲಿದ್ದ ಬೇರೆ ಚಿಂತೆಗೆಲ್ಲ ಜಾಗವೇ ಇರುವುದಿಲ್ಲ. ಮೀನನ್ನು ಸುಮ್ನೆ ಹೊಡೆದು ಕೊಲ್ಲುವ ಬದಲು ಬಲೆ ಹಾಕಿಯೋ ನಿದ್ದೆ ಬರಿಸಿಯೋ ಜೀವಂತ ಹಿಡಿದರೆ ಅದರ ಗುಣಮಟ್ಟಕ್ಕೆ ಮೂರು ಸ್ಟಾರ್, ಮಾಂಸವೂ ಹೆಚ್ಚು. ತಾಳ್ಮೆಗೆ ಸಿಗುವ ಈ ಬೆಲೆ ನನಗೆ ತುಂಬಾ ಇಷ್ಟ.

ರಾತ್ರಿಯ ಹೋಟೆಲ್‌ನಲ್ಲಿ ನನ್ನ ಅಚ್ಚುಮೆಚ್ಚಿನ ಕೆಲಸ ಗ್ರೀನ್ ಟೀ ಸುರಿಯುವುದು. ಬಟನ್ ಒತ್ತಿ ಹಿಡಿದು, ಕಪ್ ಸರಿಯಾಗಿ ತುಂಬಿದ ಕ್ಷಣಕ್ಕೆ ಬಿಡಬೇಕು. ಅಷ್ಟೇ! ಆದರೆ ಆಚೆ ಒಬ್ಬ ಗಿರಾಕಿ ಊಟಕ್ಕೆ ಕಾಯುತ್ತಿರುತ್ತಾನೆ, ಈಚೆ ಸುಶಿ ಜೊತೆಗಿನ ಖಾರದ ವಾಸಾಬಿ ಮುಗಿದಿರುತ್ತದೆ, ಅದನ್ನೂ ಅರೆಯಬೇಕು. ಓಡಾಟ ಇದೆ, ಆದರೆ ಹೊತ್ತು ಮುಗಿದ ಕೂಡಲೇ ಹೋಟೆಲ್ ಮುಚ್ಚುತ್ತದೆ. ಇನ್ನೊಂದು ಅರ್ಜೆಂಟ್ ಕೆಲಸ ಅಂತ ಯಾರೂ ಕರೆಯುವುದಿಲ್ಲ.

ಪೂರ್ತಿ ಆರಾಮವೇ ಅಂದರೆ ಅಲ್ಲ. ನಡುನಡುವೆ ದೈತ್ಯ ಪ್ರಾಣಿಗಳ ಜೊತೆ ಹೊಡೆದಾಟ ಬರುತ್ತದೆ, ಅಲ್ಲಿ ಬೆರಳು ಚುರುಕಾಗಿರಬೇಕು. ಮುಂದೆ ಹೋದ ಹಾಗೆ ತೋಟ, ಮೀನು ಸಾಕಣೆ, ಸಮುದ್ರದಡಿಯ ಜನರ ಊರು ಎಲ್ಲವೂ ಸೇರಿಕೊಳ್ಳುತ್ತವೆ, ನನಗಂತೂ ಅದು ಸ್ವಲ್ಪ ಜಾಸ್ತಿಯೇ ಅನ್ನಿಸಿತು. ತೀರಾ ದಣಿದು ಬಂದ ದಿನ ನಾನು ಕಥೆಯನ್ನು ಮುಂದಕ್ಕೆ ಒಯ್ಯುವುದಿಲ್ಲ. ಮೇಲ್ಮಟ್ಟದ ನೀರಿನಲ್ಲೇ ನಾಲ್ಕು ಮೀನು ಹಿಡಿದು, ಒಂದು ರಾತ್ರಿ ಹೋಟೆಲ್ ನಡೆಸಿ ಮಲಗುತ್ತೇನೆ.