ಗದ್ದನಕೇರಿ ಕ್ರಾಸಿಗೊಂದು ಶಿಲ್ಪ, ಸನ್ನಿವೇಲ್‌ನಿಂದ ಸಲಹೆ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಎರಡು ಎಕರೆಗಿಂತ ದೊಡ್ಡ ಜಾಗದಲ್ಲಿ ಆಫೀಸೋ ಮಾಲೋ ಕಟ್ಟಬೇಕೆಂದರೆ, ನಗರಸಭೆಗೆ ಪಾರ್ಕಿಂಗ್ ಲೆಕ್ಕ ಕೊಡುವ ಹಾಗೆ ಕಲೆಯ ಲೆಕ್ಕವನ್ನೂ ಕೊಡಬೇಕು. ಕಟ್ಟಡದ ವೆಚ್ಚದ ಶೇ. 1ರಷ್ಟು ಬೆಲೆಯ ಕಲಾಕೃತಿ ಇರಬೇಕು, ಅದು ದಾರಿಹೋಕರಿಗೆ ಕಾಣಬೇಕು. ಜಾಗ ಊರಿನ ಹೆಬ್ಬಾಗಿಲಿನಲ್ಲೋ ದೊಡ್ಡ ಕೂಡುರಸ್ತೆಯಲ್ಲೋ ಇದ್ದರೆ ಎರಡು ಎಕರೆಗಿಂತ ಚಿಕ್ಕದಾದರೂ ಬಿಡುವುದಿಲ್ಲ. ನಾನು ಇಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಇಂಥ ಶಿಲ್ಪಗಳು ಗಾಳಿಗೆ, ಭೂಕಂಪಕ್ಕೆ ಬೀಳದ ಹಾಗೆ ಕೆಳಗಿನ ಪಾಯದ ಲೆಕ್ಕ ಹಾಕುವುದು ನನ್ನ ಕೆಲಸದ ಒಂದು ಭಾಗ. ಕಲೆಯ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ. ಬೋಲ್ಟಿನ ಬಗ್ಗೆ ಕೇಳುತ್ತಾರೆ.

ಈಚೆಗೆ ಮಾತ್ರ ಕಲೆಯ ಬಗ್ಗೆಯೂ ಕೇಳಿದರು. ಅದೂ ಊರಿನಿಂದ. ನಮ್ಮ ಸೋದರಮಾವನ ಮಗ, ಅವನ ಜೊತೆ ಇನ್ನೂ ಕೆಲವರು ಪಾಲುದಾರರು ಸೇರಿ ಬಾಗಲಕೋಟೆಯ ಗದ್ದನಕೇರಿ ಕ್ರಾಸ್ ಹತ್ತಿರ ಅಂಗಡಿ ಸಂಕೀರ್ಣ ಕಟ್ಟಿಸಲು ಹೊರಟಿದ್ದಾರೆ. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಿಂದ ಬಾಗಲಕೋಟೆಗೆ ತಿರುಗುವುದು ಅಲ್ಲೇ ಅಲ್ವಾ. ಹೊರಗಿನವರಿಗೆ ಊರು ಶುರುವಾಗುವುದೇ ಅಲ್ಲಿಂದ.

“ಅಕ್ಕಾ, ಮುಂದ ಒಂದ್ ದೊಡ್ಡ ಹೋರಿ ನಿಂದರಸೂನು ಅಂತ ಮಾಡೀವಿ. ಹೈವೇದಾಗ ಹೋಗಾವ್ರೆಲ್ಲಾ ಹೊಳ್ಳಿ ನೋಡಬೇಕು. ನೀ ಇಂಥಾವು ಭಾಳ ನೋಡೀದಿ, ಎಷ್ಟ ಬೀಳ್ತದ ಹೇಳು” ಅಂದ.

ಎಷ್ಟು ಬೀಳುತ್ತದೆ ಎಂದರೆ ರೊಕ್ಕ. ನಾನು ಕೇಳಿದ್ದು ಬೇರೆ: ಮಣ್ಣು ಪರೀಕ್ಷೆ ಮಾಡಿಸಿದ್ದೀರಾ? ಸಿಟ್ಟು ಬಂತು ಅವನಿಗೆ. ಹೋರಿಗೂ ಮಣ್ಣಿಗೂ ಏನು ಸಂಬಂಧ ಅಂದ. ಫೋನಿನಲ್ಲಿ ಹೇಳಿದರೆ ಮುಗಿಯುವಂಥದ್ದಲ್ಲ. ನವನಗರದಲ್ಲೂ ಬೆಳಗಾವಿಯಲ್ಲೂ ಹೊಸ ಲೇಔಟು, ಹೊಸ ಮಾಲು ಕಟ್ಟುತ್ತಿರುವವರು ಬಹಳ ಜನ ಇದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಒಂದು ಪರ್ಸೆಂಟ್ ಕಥೆ. ಅಮೆರಿಕದಲ್ಲಿ ಇದು ಶುರುವಾದದ್ದು ಫಿಲಡೆಲ್ಫಿಯಾದಲ್ಲಿ, 1959ರಲ್ಲಿ. ನಗರದವರು ಕೊಟ್ಟ ಜಾಗದಲ್ಲಿ ಕಟ್ಟುವ ಬಿಲ್ಡರ್‌ಗಳು ವೆಚ್ಚದ ಕನಿಷ್ಠ ಶೇ. 1ನ್ನು ಕಲೆಗೆ ಇಡಬೇಕೆಂದು ಮಾಡಿದರು. ಅಲ್ಲಿಯ ಸಿಟಿ ಹಾಲ್ ಎದುರಿಗೆ ಒಂದು ಆಫೀಸ್ ಕಟ್ಟಡದ ಮುಂದೆ 45 ಅಡಿ ಎತ್ತರದ ಬಟ್ಟೆ ಕ್ಲಿಪ್ಪು ನಿಂತಿದೆ. ಹೌದು, ಒಗೆದ ಬಟ್ಟೆ ಒಣಗಿಸಲು ಹಾಕುವ ಕ್ಲಿಪ್ಪೇ. ಕ್ಲೇಸ್ ಓಲ್ಡನ್‌ಬರ್ಗ್ ಮಾಡಿದ್ದು, 1976ರಲ್ಲಿ. ಆ ಕಟ್ಟಡದಲ್ಲಿ ಯಾವ ಕಂಪನಿಗಳಿವೆ ಅಂತ ಕೇಳಿದರೆ ಹೇಳುವವರು ಕಡಿಮೆ. ಕ್ಲಿಪ್ಪು ಎಲ್ಲಿದೆ ಅಂದರೆ ಎಲ್ಲರೂ ಕೈ ತೋರಿಸುತ್ತಾರೆ.

ಹಾಗಂತ ಕಾನೂನು ಬಂದ ಕೂಡಲೇ ಒಳ್ಳೆಯ ಕಲೆ ಬಂತು ಅಂದುಕೊಳ್ಳಬೇಡಿ. ನಮ್ಮ ಸನ್ನಿವೇಲ್ ಸುತ್ತಮುತ್ತಲಿನ ಆಫೀಸುಗಳ ಮುಂದೆ ನಿಂತಿರುವ ಸ್ಟೀಲಿನ ಸುರುಳಿ, ಬಳೆ, ಗೋಲಗಳಲ್ಲಿ ಮುಕ್ಕಾಲು ಪಾಲು ನನಗೆ ನೀರಸ. ಯಾರೂ ಬೈಯದಂಥದ್ದು ಮಾಡಿ ಎಂದು ಕೇಳಿ ಮಾಡಿಸಿದ್ದು ಗೊತ್ತಾಗುತ್ತದೆ. ಇಲ್ಲಿ ನನಗೆ ಇಷ್ಟವಾದದ್ದು ಶಿಲ್ಪವೇ ಅಲ್ಲ, ಒಂದು ಹಳೆಯ ನೀರಿನ ಟ್ಯಾಂಕ್. ಕಂಪ್ಯೂಟರ್ ಬರುವ ಮೊದಲು, ಈಗ ಸಿಲಿಕಾನ್ ವ್ಯಾಲಿ ಅನ್ನುವ ಈ ಕಣಿವೆ ತುಂಬ ಹಣ್ಣಿನ ತೋಟಗಳಿದ್ದವು. ಲಿಬ್ಬೀಸ್ ಎಂಬ ಕಂಪನಿ ಇಲ್ಲಿ ಹಣ್ಣನ್ನು ಡಬ್ಬಿಗೆ ತುಂಬುತ್ತಿತ್ತು. ಕಾರ್ಖಾನೆ ಹೋಯಿತು, ಜಾಗದಲ್ಲಿ ಆಫೀಸುಗಳು ಬಂದವು. ಕಾರ್ಖಾನೆಯ ಟ್ಯಾಂಕನ್ನು ಮಾತ್ರ ಉಳಿಸಿಕೊಂಡರು. ಅದರ ಮೇಲೆ ಹಣ್ಣಿನ ಡಬ್ಬಿಯ ಲೇಬಲ್ಲಿನ ಬಣ್ಣ ಹಾಗೇ ಇದೆ. ಊರು ಹಿಂದೆ ಏನಾಗಿತ್ತು ಅಂತ ಅದು ಹೇಳಿದಷ್ಟು ಆ ಸ್ಟೀಲ್ ಸುರುಳಿಗಳು ಯಾವುವೂ ಹೇಳುವುದಿಲ್ಲ.

ಈಗ ಮಣ್ಣಿಗೆ ಬರುತ್ತೇನೆ. ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಿನ ಹೊರಗೆ, ಹೆದ್ದಾರಿ ಪಕ್ಕದ ದಿಬ್ಬದ ಮೇಲೆ, ರೆಕ್ಕೆ ಚಾಚಿದ ಒಂದು ಮೂರ್ತಿ ಇದೆ. ಏಂಜಲ್ ಆಫ್ ದ ನಾರ್ತ್ ಅನ್ನುತ್ತಾರೆ. ಆಂಟನಿ ಗೋರ್ಮ್ಲಿ ಅವರದ್ದು, 1998ರಲ್ಲಿ ನಿಲ್ಲಿಸಿದ್ದು. 20 ಮೀಟರ್ ಎತ್ತರ, ರೆಕ್ಕೆಯ ತುದಿಯಿಂದ ತುದಿಗೆ 54 ಮೀಟರ್, ತೂಕ 200 ಟನ್. ಅಷ್ಟು ಅಗಲದ ರೆಕ್ಕೆಗೆ ಗಾಳಿ ಬಡಿದರೆ ಅದರ ಜಗ್ಗಾಟ ಎಲ್ಲ ಬುಡಕ್ಕೆ ಬರುತ್ತದೆ. ಜಾಗ ಹಳೆಯ ಕಲ್ಲಿದ್ದಲು ಗಣಿಯದ್ದು. ಅದಕ್ಕೇ ಸುಮಾರು 20 ಮೀಟರ್ ಕೆಳಗಿನ ಬಂಡೆಗೆ ಪೈಲ್, ಅಂದರೆ ನೆಲದಾಳಕ್ಕೆ ಹೋಗುವ ಕಂಬ, ಇಳಿಸಿ, ಮೂರ್ತಿಯ ಸುಮಾರು ಮೂರು ಪಟ್ಟು ತೂಕದ ಕಾಂಕ್ರೀಟನ್ನು ನೆಲದೊಳಗೆ ಸುರಿದರು. ಜನ ಫೋಟೋ ತೆಗೆಯುವುದು ಮೇಲಿನ 200 ಟನ್ನಿಗೆ. ಅದನ್ನು ಹಿಡಿದು ನಿಲ್ಲಿಸಿರುವುದು ಕೆಳಗಿನದು.

ನಮ್ಮ ಕಡೆ ಇನ್ನೂ ಜಾಸ್ತಿ ಹುಷಾರಾಗಿರಬೇಕು, ಯಾಕೆಂದರೆ ನಮ್ಮದು ಎರೆ, ಕಪ್ಪು ಜಿಗುಟು ಮಣ್ಣು. ಮಳೆಗೆ ಉಬ್ಬುತ್ತದೆ, ಬ್ಯಾಸಿಗೆಯಲ್ಲಿ ಕುಗ್ಗಿ ಕೈ ಹಿಡಿಯುವಷ್ಟು ಬಿರುಕು ಬಿಡುತ್ತದೆ. ಎರೆಗೆ ಭಾರದ ಮನೆಗಿಂತ ಹಗುರ ಕಟ್ಟೆಯೇ ಬೇಗ ಸಿಗುತ್ತದೆ. ಮನೆ ಗಟ್ಟಿಯಾಗಿ ನಿಂತಿರುತ್ತದೆ, ಕಂಪೌಂಡು ಸೀಳಿರುತ್ತದೆ. ನೋಡಿಲ್ಲವೇ? ಶಿಲ್ಪದ ಪೀಠವೂ ಇಂಥ ಹಗುರದ್ದೇ. ಒಂದು ಬದಿಗೆ ನೀರು ನಿಂತು ಅಲ್ಲಿ ಮಣ್ಣು ಉಬ್ಬಿದರೆ ಹೋರಿ ವಾಲುತ್ತದೆ. ಎರೆ ದಾಟಿ ಗರಸೋ (ಗಟ್ಟಿ ಜಲ್ಲಿಮಣ್ಣು) ಬಂಡೆಯೋ ಸಿಗುವವರೆಗೆ ಅಗೆಯಬೇಕು. ಇಲ್ಲವಾದರೆ ಅಂಡರ್‌ರೀಮ್ಡ್ ಪೈಲ್ ಹಾಕಬೇಕು, ಅಂದರೆ ಬುಡದಲ್ಲಿ ಅಗಲವಾಗುವ ಪೈಲ್. ಸಾಮಾನ್ಯವಾಗಿ 3.5 ಮೀಟರಾದರೂ ಕೆಳಗಿಳಿಸುತ್ತಾರೆ. ಅಷ್ಟು ಆಳದಲ್ಲಿ ಮಳೆಗಾಲ ಬ್ಯಾಸಿಗೆಯ ಏರುಪೇರು ಇರುವುದಿಲ್ಲ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ (ಸಿಬಿಆರ್‌ಐ) ಇದನ್ನು ರೂಪಿಸಿದ್ದೇ ಎರೆಮಣ್ಣಿಗೋಸ್ಕರ. ಸನ್ನಿವೇಲ್ ಸುತ್ತಲೂ ಬಹಳ ಕಡೆ ಹೀಗೇ ಉಬ್ಬುವ ಜೇಡಿಮಣ್ಣಿದೆ. ಬಾಗಲಕೋಟೆಯಲ್ಲಿ ಕಲಿತದ್ದು ನನಗೆ ಇಲ್ಲಿ ಅನ್ನ ಹಾಕುತ್ತಿದೆ.

ಖರ್ಚು ಹೆಚ್ಚುವುದೂ ಬಹಳ ಸಲ ಹೀಗೆ ಕಣ್ಣಿಗೆ ಕಾಣದ ಕೆಲಸಕ್ಕೇ. ನಾನು ಲೆಕ್ಕ ಹಾಕಿದ ಒಂದು ಆಫೀಸ್ ಸಂಕೀರ್ಣದಲ್ಲಿ ಕಲಾವಿದೆಯನ್ನು ಕರೆದದ್ದು ಅಂಗಳದ ಸ್ಲ್ಯಾಬ್ ಹಾಕಿದ ಮೇಲೆ. ಅವರು ತೋರಿಸಿದ ಜಾಗದ ಕೆಳಗೇ ಬೆಂಕಿ ನಂದಿಸುವ ನೀರಿನ ಮುಖ್ಯ ಪೈಪ್ ಹಾದುಹೋಗಿತ್ತು. ಸ್ಲ್ಯಾಬ್ ಒಡೆದು ಪೈಪ್ ಸರಿಸಿದರು. ಆ ದುಡ್ಡು ಹೋದದ್ದು ಶಿಲ್ಪದ ಲೆಕ್ಕದಿಂದ. ಕೊನೆಗೆ ಶಿಲ್ಪವನ್ನೇ ಗಿಡ್ಡ ಮಾಡಿದರು. ಈಗ ಅದು ಹೂವಿನ ಪೊದೆಗಳ ಹಿಂದೆ ಅರ್ಧ ಮುಚ್ಚಿಹೋಗಿದೆ. ದೊಡ್ಡವರಿಗೂ ಲೆಕ್ಕ ತಪ್ಪುತ್ತದೆ. ಶಿಕಾಗೋದಲ್ಲಿ ಕನ್ನಡಿಯಂತೆ ಹೊಳೆಯುವ ಆ ದೊಡ್ಡ ಶಿಲ್ಪ, ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ ಕ್ಲೌಡ್ ಗೇಟ್, ಮೊದಲ ಅಂದಾಜಿನಲ್ಲಿ 60 ಲಕ್ಷ ಡಾಲರಿನದ್ದಿತ್ತು. 168 ಸ್ಟೀಲ್ ತಗಡುಗಳನ್ನು ಬೆಸೆದು, ಬೆಸುಗೆ ಕಾಣದ ಹಾಗೆ ಉಜ್ಜಿ ಮುಗಿಸುವ ಹೊತ್ತಿಗೆ 2.3 ಕೋಟಿ ಡಾಲರ್ ಆಗಿತ್ತು.

ತಮ್ಮನಿಗೆ ನಾನು ಹೇಳಿದ ಮುಖ್ಯ ಮಾತು ಇದು: ಶಿಲ್ಪಿಯನ್ನು ಈಗಲೇ ಕರೆ. ಕಟ್ಟಡ ಇನ್ನೂ ಕಾಗದದ ಮೇಲಿದೆ. ಪೈಪು, ಕರೆಂಟು, ನೀರು ಹರಿದುಹೋಗುವ ಇಳಿಜಾರು ಎಲ್ಲವನ್ನೂ ಆರ್ಕಿಟೆಕ್ಟ್ ಪಕ್ಕದಲ್ಲಿ ಕೂತು ಶಿಲ್ಪಿ ನೋಡಲಿ. ಉದ್ಘಾಟನೆಗೆ ತಿಂಗಳಿದೆ ಅನ್ನುವಾಗ ಕರೆದರೆ ಅವನು ತಾನೇ ಏನು ಮಾಡಿಯಾನು, ಅಚ್ಚಿನಲ್ಲಿದ್ದ ಫೈಬರ್ ಮೂರ್ತಿ ತಂದು ನಿಲ್ಲಿಸುತ್ತಾನೆ. ಫೈಬರ್ ಬೇಡ ಅನ್ನುವವಳಲ್ಲ ನಾನು. ಆದರೆ ನಮ್ಮ ಬಿಸಿಲಿಗೆ ಅದರ ಬಣ್ಣ ಬೇಗ ಬಿಳಿಚಿಕೊಳ್ಳುತ್ತದೆ, ಮತ್ತೆ ಮತ್ತೆ ಹಚ್ಚಿಸುತ್ತಿರಬೇಕು. ಹೊಳೆಯುವ ಸ್ಟೀಲ್ ಅಂತೂ ಹೆದ್ದಾರಿ ಪಕ್ಕದಲ್ಲಿ ಬೇಡವೇ ಬೇಡ. ಸಂಜೆ ಬಿಸಿಲು ಅದಕ್ಕೆ ಬಡಿದು ಲಾರಿ ಡ್ರೈವರ್ ಕಣ್ಣಿಗೆ ಹೊಡೆದರೆ? ತುಕ್ಕು ಬಣ್ಣದ ಕಾರ್ಟೆನ್ ಸ್ಟೀಲ್ ನಮ್ಮ ಒಣ ಹವೆಗೆ ಚೆನ್ನಾಗಿ ಬಾಳುತ್ತದೆ. ಮೊದಮೊದಲು ಮಳೆಯಲ್ಲಿ ಕೆಂಪು ನೀರು ಇಳಿದು ಪೀಠಕ್ಕೆ ಕರೆ ಹಿಡಿಯುತ್ತದೆ, ಅಷ್ಟೇ.

ಇಷ್ಟು ಯೋಚನೆ ಯಾಕೆ, ಇಳಕಲ್ಲ ಕಲ್ಲು ಅದೇ ಜಿಲ್ಲೆಯಲ್ಲಿ ಸಿಗುತ್ತದಲ್ಲ! ಆ ಕೆಂಪು ಗ್ರಾನೈಟು ಹಡಗು ಹತ್ತಿ ದೇಶ ದೇಶಕ್ಕೆ ಹೋಗುತ್ತದೆ. ನಾವು ಮಾತ್ರ ಊರ ಬಾಗಿಲಿಗೆ ಸಿಮೆಂಟ್ ಹೋರಿ ನಿಲ್ಲಿಸುತ್ತೇವೆ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ದಪ್ಪದ ಗ್ರಾನೈಟ್ ದಿಮ್ಮಿ ಸುಮಾರು 8 ಟನ್ ತೂಗುತ್ತದೆ. ಕ್ರೇನ್ ಬೇಕು, ದಾರಿ ಬೇಕು, ಮತ್ತೆ ಅದೇ ಪಾಯ ಬೇಕು. ಬಾದಾಮಿಯ ಮರಳುಗಲ್ಲು ಕೆತ್ತಲು ಮೆತ್ತಗೆ, ನೋಡಲು ಚೆಂದ. ಆದರೆ ಕಲ್ಲಿನ ಹೋರಿ ಕಂಡರೆ ನಮ್ಮ ಜನ ಎಣ್ಣೆ ಹಚ್ಚದೆ, ಕುಂಕುಮ ಇಡದೆ ಬಿಡುವುದಿಲ್ಲ. ಮರಳುಗಲ್ಲು ಎಣ್ಣೆ ಕುಡಿಯುತ್ತದೆ. ಪಾಲಿಶ್ ಮಾಡಿದ ಗ್ರಾನೈಟಾದರೆ ಒರೆಸಬಹುದು.

ಇನ್ನು ಜಾಗ. ಪಾಲುದಾರರಲ್ಲಿ ಒಬ್ಬರು, ಸರ್ಕಲ್ ನಡುವೆಯೇ ನಿಲ್ಲಿಸೋಣ, ನಗರಸಭೆಯವರಿಗೂ ಖುಷಿ ಆಗುತ್ತದೆ ಅಂದರಂತೆ. ಅದು ಆಗದ ಮಾತು. ರಸ್ತೆ, ಫುಟ್‌ಪಾತ್, ರಸ್ತೆ ಬದಿಯಂಥ ಸಾರ್ವಜನಿಕ ಜಾಗಗಳಲ್ಲಿ ಹೊಸ ಮೂರ್ತಿಗೆ ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಆದೇಶ ಮಾಡಿದೆ. ಹಾಗಾಗಿ ಊರ ಬಾಗಿಲಿನಲ್ಲಿ ಹೊಸ ಶಿಲ್ಪ ನಿಲ್ಲಬೇಕೆಂದರೆ ಸರಿಯಾದ ಜಾಗ ಇಂಥ ಖಾಸಗಿ ಅಂಗಳವೇ. ಅಲ್ಲೂ ತಿರುವಿನಲ್ಲಿ ಬರುವ ಗಾಡಿಗೆ ಎದುರಿನ ಗಾಡಿ ಕಾಣದಂತೆ ಅಡ್ಡ ಬರಬಾರದು. ಇಲ್ಲಿ ಸನ್ನಿವೇಲ್‌ನಲ್ಲಿ ಮೂಲೆ ಜಾಗವಾದರೆ, ಡ್ರೈವರ್ ಕಣ್ಣಿಗೆ ಏನೂ ಅಡ್ಡ ಬರದ ಹಾಗೆ ಖಾಲಿ ಬಿಡಬೇಕಾದ ತ್ರಿಕೋನವನ್ನು ನಕಾಶೆಯ ಮೇಲೆ ಗೆರೆ ಎಳೆದು ತೋರಿಸಬೇಕು. ಊರಲ್ಲಿ ಯಾರೂ ಕೇಳಲಿಕ್ಕಿಲ್ಲ. ಕೇಳದಿದ್ದರೂ ಎಳೆದು ನೋಡು ಅಂದಿದ್ದೇನೆ.

ಶಿಲ್ಪಿಯ ಹೆಸರಿನ ವಿಷಯಕ್ಕೆ ತಮ್ಮನ ಜೊತೆ ನಿಜವಾಗಿಯೂ ಜಗಳವಾಯಿತು. ಕಟ್ಟೆಯ ಮೇಲಿನ ಕಲ್ಲಿನಲ್ಲಿ ಉದ್ಘಾಟಿಸಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಪಾಲುದಾರರೆಲ್ಲರ ಹೆಸರು ಬರೆಸುವುದು ಎಂದು ಆಗಲೇ ತೀರ್ಮಾನವಾಗಿತ್ತು. ಶಿಲ್ಪಿಯದ್ದು? “ಅವಗ ರೊಕ್ಕಾ ಕೊಡ್ತೀವಲ್ಲ” ಅಂದ. ನಾನು ಪಟ್ಟದಕಲ್ಲಿಗೆ ಹೋಗಿ ಬಾ ಅಂದೆ. ಚಾಲುಕ್ಯ ದೊರೆ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿ ಅಲ್ಲಿದೆ. ಅದರ ಪೂರ್ವ ದ್ವಾರದಲ್ಲಿರುವ ಕನ್ನಡ ಶಾಸನ, ಗುಡಿ ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನು ಹೇಳುತ್ತದೆ. ಕಟ್ಟಿಸಿದ ರಾಣಿಯೂ ಕಟ್ಟಿದ ಆಚಾರಿಯೂ ಒಂದೇ ಶಾಸನದಲ್ಲಿದ್ದಾರೆ. ಬಾಗಲಕೋಟೆಯಿಂದ ಅದೇನು ದೂರವೂ ಅಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ, ಕಾನೂನಿನದ್ದೂ ಹೌದು. ದಿಲ್ಲಿಯ ವಿಜ್ಞಾನ ಭವನದಲ್ಲಿ ಅಮರ್ ನಾಥ್ ಸೆಹಗಲ್ ಅವರ ದೊಡ್ಡ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಅವರನ್ನು ಕೇಳದೆ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. ಕೃತಿ ಸರ್ಕಾರದ ಸ್ವತ್ತಾಗಿದ್ದರೂ ಅದನ್ನು ಹಾಳು ಮಾಡುವಂತಿಲ್ಲ ಎಂದು 2005ರಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತು. ಉಳಿದ ಭಾಗಗಳನ್ನು ಅವರಿಗೇ ಕೊಡಿಸಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ಅಮೆರಿಕದಲ್ಲೂ ಇಂಥದ್ದು ನಡೆದಿದೆ. ನ್ಯೂಯಾರ್ಕಿನ ಒಂದು ಸರ್ಕಾರಿ ಕಚೇರಿಯ ಅಂಗಳದಲ್ಲಿ 1981ರಲ್ಲಿ ರಿಚರ್ಡ್ ಸೆರ್ರಾ 120 ಅಡಿ ಉದ್ದದ ಸ್ಟೀಲ್ ಗೋಡೆ ನಿಲ್ಲಿಸಿದರು. ಓಡಾಡಲು ಅಡ್ಡ ಎಂದು ಅಲ್ಲಿ ಕೆಲಸ ಮಾಡುವವರು ತಕರಾರು ಎತ್ತಿದರು. 1989ರಲ್ಲಿ ಅದನ್ನು ಕತ್ತರಿಸಿ ಒಯ್ದರು. ಮರುವರ್ಷವೇ ಕಲಾವಿದರ ಹಕ್ಕಿನ ಕಾನೂನು ಬಂತು. ಸೆರ್ರಾ ಪ್ರಕರಣದಲ್ಲಿ ನನ್ನ ಸಹಾನುಭೂತಿ ಆ ನೌಕರರ ಕಡೆಗೇ ಜಾಸ್ತಿ. ದಿನಾ ಸುತ್ತು ಹಾಕಿ ನಡೆಯಬೇಕಾದವರು ಅವರು. ಮೊದಲೇ ಕೂರಿಸಿಕೊಂಡು ಕೇಳಿದ್ದರೆ ಎರಡೂ ಕಡೆಯವರಿಗೆ ಆ ಗತಿ ಬರುತ್ತಿರಲಿಲ್ಲ.

ಈಗ ಇಲ್ಲಿನ ಒಪ್ಪಂದಗಳಲ್ಲಿ ಇದೆಲ್ಲ ಮೊದಲೇ ಬರೆದಿರುತ್ತದೆ. ಶಿಲ್ಪ ಸರಿಸಬೇಕಾದರೆ ಯಾರನ್ನು ಕೇಳಬೇಕು, ತೊಳೆಯುವವರು ಯಾರು, ಯಾವ ಸಾಬೂನು ಹಾಕಬೇಕು, ಲೈಟ್ ಕೆಟ್ಟರೆ ಯಾರ ಖರ್ಚು, ಹತ್ತು ವರ್ಷದ ಮೇಲೆ ಬಣ್ಣ ಯಾರು ಹಚ್ಚಿಸಬೇಕು. ಕಲಾವಿದರ ಹೆಸರಿನ ಫಲಕದ ಅಳತೆ ಕೂಡ ಅದರಲ್ಲಿರುತ್ತದೆ. ಓದಲು ಬೇಜಾರು ನಿಜ.

ಶಿಲ್ಪಿಯನ್ನು ಆರಿಸುವ ಇಲ್ಲಿನ ಕ್ರಮವೂ ಊರಿಗೆ ಒಗ್ಗುವಂಥದ್ದೇ. ಮೊದಲು ಹಳೆಯ ಕೆಲಸದ ಫೋಟೋ ತರಿಸಿಕೊಳ್ಳುತ್ತಾರೆ. ಅದರಲ್ಲಿ ಮೂರೋ ನಾಲ್ಕೋ ಜನರನ್ನು ಆರಿಸಿ, ಜಾಗ ತೋರಿಸಿ, ಸಣ್ಣ ಮಾದರಿ ಮಾಡಿಕೊಂಡು ಬನ್ನಿ ಅನ್ನುತ್ತಾರೆ. ಆ ಮಾದರಿಗೆ ಪ್ರತಿಯೊಬ್ಬರಿಗೂ ಸಂಭಾವನೆ ಕೊಡುತ್ತಾರೆ, ಕೆಲಸ ಸಿಗದವರಿಗೂ. ಇಲ್ಲಿ ತಮ್ಮ ತಡೆದ.

“ಸೋತಾವ್ರಿಗೂ ರೊಕ್ಕಾ? ಪಾಲುದಾರರು ನನ್ನ ಹೊಡದೇ ಹಾಕ್ತಾರ ಅಕ್ಕಾ.”

ಮನೆ ನಕಾಶೆಗೆ ಆರ್ಕಿಟೆಕ್ಟ್‌ಗೆ ಕೊಡುವುದಿಲ್ಲವೇ, ಮನೆ ಕಟ್ಟದಿದ್ದರೂ? ವಾರಗಟ್ಟಲೆ ಕೂತು ಮಾಡಿದ ಮಾದರಿಗೆ ಪುಕ್ಕಟೆ ಅಂದರೆ ಒಳ್ಳೆಯ ಶಿಲ್ಪಿಗಳು ಬರುವುದೇ ಇಲ್ಲ ಅಂದೆ. ಒಪ್ಪಿದ್ದಾನೋ ಇಲ್ಲವೋ ಗೊತ್ತಿಲ್ಲ. ಹೋರಿಯೇ ಆಗಬೇಕಾ, ಇಳಕಲ್ಲ ಕಲ್ಲಾ, ಬೇರೆ ಏನಾದರೂ ಆಗಬಹುದಾ ಎಂಬುದನ್ನೆಲ್ಲ ಪಾಲುದಾರರ ಮೀಟಿಂಗಿಗೆ ಬಿಟ್ಟಿದ್ದಾನೆ. ಶಿಲ್ಪಿಯ ಹೆಸರಿಗೆ ಕಲ್ಲಿನಲ್ಲಿ ಒಂದು ಸಾಲು ಬಿಡಲು ಒಪ್ಪಿದ್ದಾನೆ, ಕೊನೆಯ ಸಾಲು. ಮಣ್ಣು ಪರೀಕ್ಷೆಯವರು ಮುಂದಿನ ವಾರ ಬರುತ್ತಾರಂತೆ. ವರದಿಯನ್ನು ನನಗೂ ಕಳಿಸು ಅಂದಿದ್ದೇನೆ.