9 ಇಂಚು ಎಂದರೆ 229 ಅಲ್ಲ

ಅಮೆರಿಕದ ಕಲಾವಿದ ಡೊನಾಲ್ಡ್ ಜಡ್ ಅವರ ಕೃತಿಯ ಹತ್ತೂ ಪೆಟ್ಟಿಗೆ ಗೋಡೆ ಏರಿದ್ದವು. ಟೇಪ್ ಹಿಡಿದರೆ ನೆಲದಿಂದ ಹತ್ತನೆಯದರ ಮೇಲಂಚಿಗೆ ಸರಿಯಾಗಿ 4,572 ಮಿ.ಮೀ. ಚೆಕ್‌ಶೀಟ್‌ಗೆ ಸಹಿ ಬಿದ್ದಿತ್ತು, ನಮ್ಮನ್ನು ಮೇಲೆತ್ತುವ ಸಿಸರ್ ಲಿಫ್ಟ್ ಕೆಳಗಿಳಿದಿತ್ತು. ಕೃತಿಯನ್ನು ನೋಡಿಕೊಳ್ಳಲು ಅದರ ಜೊತೆಗೇ ಬಂದಿದ್ದ ಪ್ರತಿನಿಧಿ (ಕೊರಿಯರ್) ಕೋಣೆಯ ಆ ತುದಿಯ ಬಾಗಿಲಲ್ಲಿ ನಿಂತು ಒಂದೆರಡು ನಿಮಿಷ ನೋಡಿದರು. "ಮೇಲಿನ ಮೂರು ಒತ್ತಿಕೊಂಡಿವೆ" ಎಂದರು. ಅಳತೆ ತೋರಿಸಿದೆವು. ಅವರು ಟೇಪ್ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿಗೆ ನಡೆದು ಹೋಗಿ ನಿಂತರೆ ನಮಗೂ ಕಂಡಿತು. ಒಮ್ಮೆ ಕಂಡ ಮೇಲೆ ಬೇರೇನೂ ಕಾಣಲಿಲ್ಲ.

ಅಮೆರಿಕದ ಮ್ಯೂಸಿಯಂ ಒಂದರ ಇನ್‌ಸ್ಟಾಲೇಶನ್ ತಂಡದ ಕೆಲಸ ಇದು. ಮಿನಿಮಲಿಸಂ, ಅಂದರೆ ಸರಳ ಆಕಾರಗಳಷ್ಟೇ ಇರುವ ಕಲೆಯ ಕೃತಿಗಳನ್ನು ನಿಲ್ಲಿಸುವ ಕನ್ನಡದ ಹುಡುಗರು ಇನ್ನೂ ಕೆಲವರಿರಬಹುದು. ಅವರು ಈ ತಪ್ಪನ್ನು ಮತ್ತೆ ಮಾಡಬಾರದೆಂದು ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಅಳತೆಯ ಹೊಣೆ ನನ್ನದೇ ಆಗಿತ್ತು.

ಜಡ್ 1965ರಿಂದ ಮಾಡಿಸುತ್ತಾ ಬಂದ ಸ್ಟ್ಯಾಕ್‌ಗಳ, ಅಂದರೆ ಗೋಡೆಯ ಮೇಲೆ ಅಂತರ ಬಿಟ್ಟು ಒಂದರ ಮೇಲೊಂದು ಕೂರಿಸುವ ಪೆಟ್ಟಿಗೆಗಳ ಲೆಕ್ಕ ಬಾಯಿಪಾಠ ಆಗುವಷ್ಟು ಸರಳ. ದೊಡ್ಡ ಅಳತೆಯದರಲ್ಲಿ ಪ್ರತಿ ಪೆಟ್ಟಿಗೆ 9 ಇಂಚು ಎತ್ತರ, 40 ಇಂಚು ಅಗಲ, ಗೋಡೆಯಿಂದ 31 ಇಂಚು ಮುಂದಕ್ಕೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವ ಜಾಗವೂ 9 ಇಂಚೇ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ 1967ರ ಹಸಿರು ಸ್ಟ್ಯಾಕ್‌ಗೆ 12 ಪೆಟ್ಟಿಗೆ. ಹತ್ತರದ್ದು ಹೆಚ್ಚು ಕಾಣಸಿಗುತ್ತದೆ. ಸೂರು ತಗ್ಗಾಗಿದ್ದರೆ ಪೆಟ್ಟಿಗೆ ಕಡಿಮೆ ಮಾಡಬಹುದು, ಅಂತರ ಕಡಿಮೆ ಮಾಡುವಂತಿಲ್ಲ. ನಾವು ನಿಲ್ಲಿಸುತ್ತಿದ್ದ ಕೃತಿಯ ಸೂಚನೆಯಲ್ಲಿ ನೆಲದಿಂದ ಮೊದಲ ಪೆಟ್ಟಿಗೆಗೂ 9 ಇಂಚು ಇತ್ತು. ಅಂದರೆ 10 ಪೆಟ್ಟಿಗೆ, 10 ಖಾಲಿ ಜಾಗ, ಒಟ್ಟು 180 ಇಂಚು, ಸರಿಯಾಗಿ 15 ಅಡಿ.

ಇಂಚಿನಲ್ಲೇ ಉಳಿದಿದ್ದರೆ ಏನೂ ಆಗುತ್ತಿರಲಿಲ್ಲ. ನಮ್ಮ ಡೇಟಾಬೇಸ್ ಎಲ್ಲವನ್ನೂ ಮೆಟ್ರಿಕ್‌ಗೆ ತಿರುಗಿಸಿ ಹತ್ತಿರದ ಪೂರ್ಣ ಸಂಖ್ಯೆಗೆ ತಂದುಬಿಡುತ್ತದೆ. 9 ಇಂಚು ಎಂದರೆ 228.6 ಮಿ.ಮೀ. ಹಾಳೆಯ ಮೇಲೆ ಬಂದದ್ದು 229. ಕೆಲವು ಕ್ಯಾಟಲಾಗ್‌ಗಳು ಇದನ್ನೇ 22.8 ಸೆಂ.ಮೀ. ಎಂದು ಮುದ್ರಿಸುತ್ತವೆ, ಕೆಲವು 22.9 ಎಂದು. ಕ್ಯಾಟಲಾಗ್ ಓದುವವರಿಗೆ ಅಷ್ಟು ಸಾಕು. ಡ್ರಿಲ್ ಹಿಡಿದವರಿಗೆ ಸಾಲದು. ಈ ತಂತ್ರಾಂಶದ ಬಗ್ಗೆ ಎಷ್ಟು ಸಲ ಬರೆದು ಕೊಟ್ಟರೂ ಮೇಲಿನವರು ಕಿವಿಗೆ ಹಾಕಿಕೊಂಡಿಲ್ಲ.

229ಕ್ಕೆ ಬರ್ಚ್ ಪ್ಲೈವುಡ್‌ನಲ್ಲಿ ಸ್ಪೇಸರ್ ಬ್ಲಾಕ್, ಅಂದರೆ ಪೆಟ್ಟಿಗೆಗಳ ನಡುವೆ ಇಟ್ಟು ಅಂತರ ಹಿಡಿಯುವ ತುಂಡು ಕತ್ತರಿಸಿದೆವು. ಲೋಹಕ್ಕೆ ಗೀರು ಬೀಳಬಾರದೆಂದು ಮೇಲೆ ಕೆಳಗೆ ಫೆಲ್ಟ್ ಬಟ್ಟೆ ಅಂಟಿಸಿದೆವು. ಒತ್ತಿದ ಮೇಲೂ ಫೆಲ್ಟ್ ಒಂದೊಂದು ಬದಿಗೆ ಅರ್ಧ ಮಿ.ಮೀ. ಉಳಿಯುತ್ತದೆ. ಅಲ್ಲಿಗೆ ಬ್ಲಾಕ್ 230 ಆಯಿತು, ಒಂದೊಂದು ಅಂತರಕ್ಕೂ 1.4 ಮಿ.ಮೀ. ಹೆಚ್ಚು. ಮೊದಲ ಪೆಟ್ಟಿಗೆಯನ್ನು ಟೇಪ್ ಹಿಡಿದು ಕೂರಿಸಿದ್ದರಿಂದ ಅದು ಸರಿಯಾಗಿತ್ತು. ಎರಡನೆಯದರಿಂದ ಮುಂದಕ್ಕೆ ಪ್ರತಿಯೊಂದನ್ನೂ ಅದರ ಕೆಳಗಿನದರಿಂದ ಅಳೆದೆವು. ಮೂಲ ತಪ್ಪು ಇದೇ. ಹೀಗೆ ಅಳೆದಾಗ ತಪ್ಪು ಒಂದರ ಮೇಲೊಂದು ಪೇರುತ್ತಾ ಹೋಗುತ್ತದೆ. ಏಳನೆಯದನ್ನು ಕೂರಿಸಿ ಲೇಸರ್ ಹಾಕಿದಾಗ ಅದು ಇರಬೇಕಾದ ಜಾಗಕ್ಕಿಂತ 8.4 ಮಿ.ಮೀ. ಮೇಲಿತ್ತು.

ಆಗಲೇ ನಿಲ್ಲಿಸಿ ಎಲ್ಲವನ್ನೂ ಇಳಿಸಬೇಕಿತ್ತು. ಅದರ ಬದಲು ಒಂದು ಲೆಕ್ಕ ಹಾಕಿದೆ. ಉಳಿದದ್ದು ಮೂರು ಅಂತರ. 8.4ನ್ನು ಮೂರಕ್ಕೆ ಹಂಚಿದರೆ ಒಂದೊಂದಕ್ಕೆ 2.8. ಆ ಮೂರು ಅಂತರಗಳನ್ನು 225.8ಕ್ಕೆ ಇಳಿಸಿದರೆ ತುದಿ ಸರಿಯಾಗಿ 4,572ಕ್ಕೆ ಬಂದು ನಿಲ್ಲುತ್ತದೆ, ಹಾಳೆಯೂ ಒಪ್ಪುತ್ತದೆ. ಒಪ್ಪಿತು ಕೂಡ. ಮೊದಲನೆಯದು ಸರಿ, ಹತ್ತನೆಯದು ಸರಿ, ನಡುವಿನ ಎಂಟೂ ತಪ್ಪು. ಒಟ್ಟು ಎತ್ತರವನ್ನು ಮಾತ್ರ ಕೇಳುವ ಚೆಕ್‌ಶೀಟ್ ಈ ತಪ್ಪನ್ನು ಎಂದಿಗೂ ಹಿಡಿಯಲಾರದು.

ಕೆಳಗಿನ ಆರು ಅಂತರಗಳು ತಲಾ 230 ಇದ್ದದ್ದನ್ನು ಯಾರ ಕಣ್ಣೂ ಗುರುತಿಸುತ್ತಿರಲಿಲ್ಲ, ಏಕೆಂದರೆ ಆರೂ ಒಂದೇ ಆಗಿದ್ದವು. 230 ಇದ್ದದ್ದು ಥಟ್ಟನೆ 225.8 ಆದಾಗ, ಆ 4.2 ಮಿ.ಮೀ. ವ್ಯತ್ಯಾಸ ಕೋಣೆಯಾಚೆಯಿಂದಲೂ ಕಂಡಿತು. ಚೌಕಟ್ಟು ಹಾಕಿದ ಚಿತ್ರಗಳ ಸಾಲಿನಲ್ಲಿ ಇಷ್ಟು ವ್ಯತ್ಯಾಸ ಮುಚ್ಚಿಹೋಗುತ್ತದೆ, ಕಣ್ಣು ಚಿತ್ರದೊಳಕ್ಕೆ ಹೋಗಿಬಿಡುತ್ತದೆ. ಇಲ್ಲಿ ಒಳಕ್ಕೆ ಹೋಗಲು ಚಿತ್ರವೇ ಇಲ್ಲ. ಪೆಟ್ಟಿಗೆ, ಖಾಲಿ, ಪೆಟ್ಟಿಗೆ, ಖಾಲಿ. ಖಾಲಿ ಜಾಗವೂ ಕೃತಿಯೇ.

ಜಡ್ ಅವರ 1965ರ 'ಸ್ಪೆಸಿಫಿಕ್ ಆಬ್ಜೆಕ್ಟ್ಸ್' ಲೇಖನದಲ್ಲಿರುವುದೂ ಇದೇ ಮಾತು. ಈ ಭಾಗದ ತೂಕಕ್ಕೆ ಆ ಭಾಗ ಇಟ್ಟು ಸರಿದೂಗಿಸುವ ಹಳೆಯ ರಚನಾಕ್ರಮ ಅವರಿಗೆ ಬೇಡವಾಗಿತ್ತು. ಬೇಕಾಗಿದ್ದದ್ದು ಒಂದಾದ ಮೇಲೆ ಒಂದು ಬರುವ ನೇರ ಸಾಲು, ಅಷ್ಟೇ. 2.8ರ ಹಾಗೆ ಹಂಚಿ ನಾನು ಮಾಡಿದ್ದು ಸರಿದೂಗಿಸುವ ಕೆಲಸವೇ. ಅವರು ತೆಗೆದುಹಾಕಿದ್ದನ್ನು ಅವರ ಕೃತಿಯೊಳಕ್ಕೇ ತುರುಕಿದಂತಾಯಿತು. ಇಷ್ಟು ವರ್ಷ ಆ ಲೇಖನ ಓದಿಕೊಂಡಿದ್ದೂ ಡ್ರಿಲ್ ಹಿಡಿದಾಗ ಅದು ನೆನಪಿಗೆ ಬರಲಿಲ್ಲ ಎಂಬ ನೋವು ಇನ್ನೂ ಹೋಗಿಲ್ಲ.

ಬಿಚ್ಚುವ ಕೆಲಸ ಏರಿಸುವುದಕ್ಕಿಂತ ಕಷ್ಟ. ಮೇಲಿನದರಿಂದಲೇ ಶುರು ಮಾಡಬೇಕು. ಕೆಳಗಿನದಕ್ಕೆ ಕೈಹಾಕಿದರೆ ಜಾರಿದ ಒಂದು ಸ್ಕ್ರೂ ಸಾಕು, ಅದರ ಮೇಲ್ಮೈ ಹಾಳು. ಹಾಗಾಗಿ ಸರಿಯಾಗಿದ್ದ ಹತ್ತನೆಯದೂ ಇಳಿಯಿತು. ಲಿಫ್ಟ್ ಮೇಲೆ ಇಬ್ಬರು ಪೆಟ್ಟಿಗೆ ಹಿಡಿದರು, ಮೂರನೆಯವರು ಸ್ಕ್ರೂ ಬಿಚ್ಚಿದರು. ಕೊನೆಯ ಸ್ಕ್ರೂ ಸಡಿಲಾದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಅದು ಗೊತ್ತಿದ್ದೂ ಅವತ್ತು ಹತ್ತನೆಯದು ಅರ್ಧ ಇಂಚು ಕುಸಿದು ಕೈಯಲ್ಲಿ ನಿಂತಿತು. ಕೆಳಗಿದ್ದವರು ಯಾರೂ ಮಾತಾಡಲಿಲ್ಲ. ಬೆಳಕಿನ ತಂಡದವರು ಲಿಫ್ಟ್ ಬೇಕೆಂದು ವಾಕಿಟಾಕಿಯಲ್ಲಿ ಕೂಗುತ್ತಲೇ ಇದ್ದರು. ಒಂದೇ ಲಿಫ್ಟ್, ಎರಡು ತಂಡ, ಕ್ಯಾನ್ವಾಸ್ ನೇತುಹಾಕುವ ಲೆಕ್ಕದಲ್ಲಿ ಬರೆದ ಮೂರು ದಿನದ ವೇಳಾಪಟ್ಟಿ. ಇಂಥ ಕೃತಿಗೆ ಗೋಡೆ ಪರೀಕ್ಷೆಗೇ ಒಂದು ದಿನ ಬೇಕು. ಬೇಡುವಾಗ ಗಟ್ಟಿಯಾಗಿ ಬೇಡಬೇಕು.

ಹಳೆಯ ತೂತುಗಳದ್ದು ಮುಂದಿನ ಸಮಸ್ಯೆ. ಬ್ರಾಕೆಟ್‌ಗೆ ನಾಲ್ಕು ಸ್ಕ್ರೂ, ಎಂಟು ಪೆಟ್ಟಿಗೆಗೆ 32 ತೂತು. ಹೊಸ ತೂತು ಹಳೆಯದರಿಂದ 1.4ರಿಂದ 8.4 ಮಿ.ಮೀ. ದೂರದಲ್ಲಿ ಬೀಳಬೇಕು. ಅಷ್ಟು ಹತ್ತಿರ ಕೊರೆದರೆ ಡ್ರಿಲ್ ಬಿಟ್ ಜಾರಿ ಹಳೆಯ ತೂತಿಗೇ ಹೋಗಿ ಕೂರುತ್ತದೆ. ಗಟ್ಟಿ ಮರದ ಡೋವೆಲ್‌ಗೆ (ದುಂಡನೆಯ ಮರದ ಗೂಟಕ್ಕೆ) ಅಂಟು ಹಚ್ಚಿ ತುಂಬಲೇಬೇಕು. 12 ಮಿ.ಮೀ. ಡೋವೆಲ್ ಇಲ್ಲಿ ಸಾಲದು. ಅದರ ಅಂಚು ನಡುವಿನಿಂದ 6 ಮಿ.ಮೀ.ಗೆ ಬರುತ್ತದೆ, 5.6 ಮತ್ತು 7.0 ಸರಿಯಬೇಕಾದ ತೂತುಗಳು ಅಂಟಿನ ಗೆರೆಯ ಮೇಲೆಯೇ ಬೀಳುತ್ತವೆ. ಅಗಲ ತೂತು ಕೊರೆಯುವ 25 ಮಿ.ಮೀ. ಫಾರ್ಸ್ಟ್‌ನರ್ ಬಿಟ್‌ನಲ್ಲಿ ಕೊರೆದು ಅದೇ ದಪ್ಪದ ಬೀಚ್ ತುಂಡು ಕೂರಿಸಿದೆವು. 8.4 ಸರಿದ 6 ಮಿ.ಮೀ. ಸ್ಕ್ರೂ ಕೂಡ ಅದರೊಳಗೇ ನಿಲ್ಲುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟೆವು.

ಎರಡನೇ ಸಲ ನೆಲವನ್ನು ಒಂದೇ ಒಂದು ಬಾರಿ ನಂಬಿದೆವು. ಅಲ್ಲಿಂದ ಲೇಸರ್ ಗೆರೆ, ಆಮೇಲೆ ಎಲ್ಲ ಅಳತೆಯೂ ಆ ಗೆರೆಯಿಂದಲೇ. ಪೆಟ್ಟಿಗೆಗಳ ಕೆಳ ಅಂಚುಗಳು ಇಂಚಿನಲ್ಲಿ ಹೀಗೆ: 9, 27, 45, 63, 81, 99, 117, 135, 153, 171. ದಶಾಂಶವೇ ಇಲ್ಲ. ಈ ಸಂಖ್ಯೆಗಳಲ್ಲಿ ಒಂದು ಗುರುತು ತಪ್ಪಿದರೂ ಅದರ ಮುಂದಿನದು ತಪ್ಪುವುದಿಲ್ಲ. ಗುರುತನ್ನು ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಹಾಕಬೇಡಿ, ಹಗುರ ಅಂಟಿನ ಟೇಪ್ ಹಚ್ಚಿ ಅದರ ಮೇಲೆ ಹಾಕಿ. ಮ್ಯಾಟ್ ಬಣ್ಣದ ಮೇಲೆ ರಬ್ಬರ್ ಉಜ್ಜಿದ ಜಾಗ ಹೊಳೆಯುತ್ತದೆ, ಬದಿ ಬೆಳಕು ಬಿದ್ದರೆ ಎದ್ದು ಕಾಣುತ್ತದೆ.

ಇನ್ನು ಗೋಡೆ. ಪೆಟ್ಟಿಗೆ ಗೋಡೆಗೆ ಒರಗುವ ಎತ್ತರ 9 ಇಂಚು, ಮುಂದಕ್ಕೆ ಚಾಚುವುದು 31 ಇಂಚು. ಆ 9 ಇಂಚಿನೊಳಗೆ ಗೋಡೆ 1 ಮಿ.ಮೀ. ವಾಲಿದ್ದರೆ ಮುಂದಿನ ಅಂಚು ಸುಮಾರು 3.4 ಮಿ.ಮೀ. ಏರುತ್ತದೆ ಇಲ್ಲವೇ ಇಳಿಯುತ್ತದೆ. ಮೇಲಿನಿಂದ ಕೆಳಗಿನ ತನಕ ತೂಕದ ಗುಂಡು ಬಿಟ್ಟು ನೋಡಿದರೆ ಗೋಡೆ ಒಟ್ಟಾರೆ ನೆಟ್ಟಗಿದೆ ಅನ್ನಿಸಬಹುದು, ನಡುವೆ ಜಿಪ್ಸಂ ಹಾಳೆಗಳ ಸೇರುವೆಯಲ್ಲಿ ಉಬ್ಬಿರುತ್ತದೆ. ಆದ್ದರಿಂದ ರಸಮಟ್ಟವನ್ನು ಹತ್ತೂ ಜಾಗದಲ್ಲಿ ಬೇರೆ ಬೇರೆಯಾಗಿ ಇಟ್ಟು, ಬೇಕಾದಲ್ಲಿ ಬ್ರಾಕೆಟ್ ಹಿಂದೆ ತೆಳು ಹಿತ್ತಾಳೆ ತಗಡಿನ ತುಂಡು (ಶಿಮ್) ಕೊಡಬೇಕು. ಪೆಟ್ಟಿಗೆಯ ಮೇಲೆ ಕೆಳಗೆ ಬಣ್ಣದ ಪಾರದರ್ಶಕ ಪ್ಲಾಸ್ಟಿಕ್ (ಪ್ಲೆಕ್ಸಿಗ್ಲಾಸ್) ಇರುವ ಸ್ಟ್ಯಾಕ್ ಆದರೆ ಇನ್ನೂ ಎಚ್ಚರ ಬೇಕು. ಬೆಳಕು ಒಂದರಿಂದೊಂದಕ್ಕೆ ಇಳಿದು ಗೋಡೆಯ ಮೇಲೆ ಬಣ್ಣ ಬೀಳುತ್ತದೆ, ಒಂದು ವಾಲಿದರೂ ಆ ಬಣ್ಣದ ಗೆರೆ ಮುರಿಯುತ್ತದೆ.

ಕೈಗೆ ನೈಟ್ರೈಲ್ ಗ್ಲೌಸ್. ಹತ್ತಿಯದು ಜಾರುತ್ತದೆ, ಬೆವರನ್ನೂ ಬಿಡುತ್ತದೆ. ಲೇಪವಿಲ್ಲದ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಮೇಲೆ ಬೆರಳಿನ ಎಣ್ಣೆ ಮತ್ತು ಉಪ್ಪು ಲೋಹವನ್ನೇ ತಿನ್ನುತ್ತವೆ. ಒರೆಸಿದರೆ ಹೋಗುವ ಗುರುತಲ್ಲ ಅದು.

ಮತ್ತೊಬ್ಬ ಮಿನಿಮಲಿಸ್ಟ್ ಕಲಾವಿದ ಕಾರ್ಲ್ ಆಂಡ್ರೆ ಅವರ ನೆಲದ ಮೇಲೆ ಹಾಸುವ ಕೃತಿಗಳಿಗೂ ಇದೇ ಲೆಕ್ಕ ನಡೆಯುತ್ತದೆ. ಲಂಡನ್ನಿನ ಟೇಟ್ ಮ್ಯೂಸಿಯಂನಲ್ಲಿರುವ 1969ರ '144 ಮೆಗ್ನೀಷಿಯಂ ಸ್ಕ್ವೇರ್'ನಲ್ಲಿ ಅಡಿ ಚೌಕದ ಫಲಕಗಳು 12ಕ್ಕೆ 12. ಅಂಟಿಲ್ಲ, ಸ್ಕ್ರೂ ಇಲ್ಲ, ಸುಮ್ಮನೆ ಪಕ್ಕ ಪಕ್ಕ. ಇಂಥದನ್ನು ಒಂದಕ್ಕೊಂದು ತಾಗಿಸುತ್ತಾ ಹೋದರೆ ಹನ್ನೆರಡನೇ ಸಾಲಿಗೆ ಬರುವಷ್ಟರಲ್ಲಿ ಅಂಚು ಬಳುಕಿರುತ್ತದೆ. ಎರಡು ಬದಿಗೆ ದಾರ ಕಟ್ಟಿ, ಮೂಲೆಮಟ್ಟದಿಂದ ಮೊದಲ ಮೂಲೆ ನೋಡಿಕೊಂಡು ಶುರು ಮಾಡಬೇಕು.

ಸ್ಪೇಸರ್ ಬ್ಲಾಕ್ ನಮ್ಮ ತಂಡದಲ್ಲಿ ಈಗ ಇಲ್ಲ. 15 ಅಡಿಯ ಅಲ್ಯೂಮಿನಿಯಂ ಅಳತೆಕೋಲು ಮಾಡಿಸಿದ್ದೇವೆ, ಪೆಟ್ಟಿಗೆ ಏರುವ ಮೊದಲೇ ಗೋಡೆಗೆ ಒರಗಿಸಿ ಇಪ್ಪತ್ತೂ ಗುರುತುಗಳನ್ನು ಒಂದೇ ಸಲ ಟೇಪ್ ಮೇಲೆ ಇಳಿಸುತ್ತೇವೆ. ಮರದ್ದು ಬೇಡ, ತೇವಕ್ಕೆ ಬಾಗುತ್ತದೆ. ಸಾಗಿಸಲೆಂದು ಎರಡು ತುಂಡು ಮಾಡುವುದಾದರೆ ನಡುಮಧ್ಯ 90 ಇಂಚಿನಲ್ಲಿ ಕತ್ತರಿಸಬೇಡಿ, ಅದು ಐದನೇ ಪೆಟ್ಟಿಗೆಯ ಮೇಲಂಚು. 94½ರಲ್ಲಿ ಕತ್ತರಿಸಿದರೆ ಕೂಡು ಖಾಲಿ ಜಾಗದ ನಡುವೆ ಬರುತ್ತದೆ, ಯಾವ ಗುರುತಿಗೂ ತಾಗುವುದಿಲ್ಲ.