ಬಾವಿ ಕಥೆ: ನಾಲ್ಕನೇ ಅಧ್ಯಾಯ ಕೊನೆಗೂ ಹೆದರಿಸಿತು

ನಾಲ್ಕನೇ ಅಧ್ಯಾಯ ಮುಗಿಯಿತು. ಏಳನೇ ಸಲ ಬರೆದ ಮೇಲೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಕೊನೆಯ ಸಾಲು ಬರೆದು ಲ್ಯಾಪ್‌ಟಾಪ್ ಮುಚ್ಚಿದೆ. ಹೊರಗೆ ಉಡುಪಿಯ ಮಳೆ ಸುರಿಯುತ್ತಲೇ ಇತ್ತು. ಸುಮಾರು ಹೊತ್ತು ಕತ್ತಲಲ್ಲಿ ಸುಮ್ನೆ ಕೂತಿದ್ದೆ, ಅಷ್ಟು ಖುಷಿ.

ಹೊಸದಾಗಿ ಓದುವವರಿಗೆ ಎರಡು ಮಾತು. ಇದು ಪೂರ್ತಿ ಕಟ್ಟುಕಥೆ. ಆದರೆ ನಿಜವಾಗಿ ನಡೆದ ಅಪರಾಧದ ವರದಿಯ ಹಾಗೆ, ಒಬ್ಬ ಹೆಂಗಸಿನ ಆತ್ಮಕಥೆಯ ಹಾಗೆ ಓದಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ. 1989ರ ಆಟಿ ತಿಂಗಳು, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳು. ಅವಳಿಗೆ ಒಂಬತ್ತು ವರ್ಷ. ಅಜ್ಜಿಮನೆಯ ಬಾವಿಯಲ್ಲಿ ತೋಟದ ಕೆಲಸದವನ ಹೆಣ ಸಿಗುತ್ತದೆ. ಕಾಲು ಜಾರಿ ಬಿದ್ದದ್ದು ಅಂತ ಪೊಲೀಸರು ಫೈಲು ಮುಚ್ಚುತ್ತಾರೆ. ಈಗ, ಇಷ್ಟು ವರ್ಷ ಆದ ಮೇಲೆ, ಆ ಫೈಲಿನ ನಕಲು ಅವಳ ಕೈಗೆ ಬರುತ್ತದೆ. ಒಂದು ಅಧ್ಯಾಯ ನೆನಪು, ಮುಂದಿನದು ಕಾಗದ, ಮತ್ತೆ ನೆನಪು. ಮೊದಲ ಮೂರು ಅಧ್ಯಾಯದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಅವು ತಾವಾಗಿ ಬಂದವು.

ಸಮಸ್ಯೆ ಶುರುವಾದದ್ದು ಶವದ ಮಹಜರಿನಲ್ಲಿ, ಅಂದರೆ ಪಂಚರ (ಸಾಕ್ಷಿಗಳ) ಎದುರು ಹೆಣ, ಜಾಗ ನೋಡಿ ಪೊಲೀಸರು ಬರೆಯುವ ವರದಿಯಲ್ಲಿ.

ಈ ಜಾತಿಯ ಕಥೆ ಬರೆದವರಿಗೆಲ್ಲ ಇದು ಗೊತ್ತು: ಕಾಗದ ಬಂದ ಕೂಡಲೇ ಹೆದರಿಕೆ ಸಾಯುತ್ತದೆ. ನೆನಪಿನ ಅಧ್ಯಾಯದಲ್ಲಿ ಉಸಿರು ಬಿಗಿಹಿಡಿದು ಓದಿದವರು ಮಹಜರು ಬಂದಾಗ ಕಾಲು ಚಾಚಿ ಕೂರುತ್ತಾರೆ. ಅಲ್ಲಿ ಹಗಲು ಇದೆ, ಪೊಲೀಸರಿದ್ದಾರೆ, ಪಂಚರಿದ್ದಾರೆ, ಸೀಲು ಇದೆ. ಇನ್ನು ಯಾರಿಗೂ ಏನೂ ಆಗುವುದಿಲ್ಲ ಅನ್ನುವ ಧೈರ್ಯ. ಮೊದಲ ಸಲ ನಾನು ಮಹಜರಿನೊಳಗೇ ಉಗುರಿನ ಗುರುತು, ಹರಿದ ಅಂಗಿ ಎಲ್ಲ ತುರುಕಿದೆ. ಅದು ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಪತ್ತೇದಾರಿ ಪುಸ್ತಕದ ಹಾಗಾಯಿತು. ಎರಡನೇ ಸಲ ಎಲ್ಲ ತೆಗೆದೆ, ಪಂಚಾಯಿತಿ ನೋಟಿಸಿನ ಹಾಗಾಯಿತು. ಮೂರರಿಂದ ಐದರವರೆಗಿನವು ಆ ಎರಡರ ನಡುವೆ ಓಲಾಡಿದವು, ಬಿಡಿ.

ಆರನೆಯದನ್ನು ವಕೀಲಿ ಮಾಡುವ ಗೆಳತಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. "ಎಂತ ಮಾರಾಯ್ತಿ, 1989ರ ಫೈಲಿಗೆ 194ನೇ ಸೆಕ್ಷನ್ ಹಾಕಿದ್ದೀಯಲ್ಲ!" ನಾನು ಈಗಿನ ನಮೂನೆ ನೋಡಿ ಬರೆದಿದ್ದೆ. ಅಸಹಜ ಸಾವಿನ ತನಿಖೆ ಆಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ 174ನೇ ಸೆಕ್ಷನ್ನಿನ ಕೆಳಗೆ ನಡೆಯುತ್ತಿತ್ತು. ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಬಂದದ್ದು 2024ರ ಜುಲೈ 1ರಿಂದ. ಅದರ ಜೊತೆಗೆ ಮೇಲ್ಗಡೆ 'ಉಡುಪಿ ಜಿಲ್ಲೆ' ಅಂತ ಬೇರೆ ಹಾಕಿದ್ದೆ. ನಮ್ಮ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕೆ ಮೊದಲು ಎಲ್ಲವೂ ದಕ್ಷಿಣ ಕನ್ನಡ. ರಾಷ್ಟ್ರೀಯ ಹೆದ್ದಾರಿಯ ನಂಬರು ಕೂಡ ಆಗ 66 ಅಲ್ಲ, 17. ಇಂಥದ್ದರಲ್ಲಿ ಒಂದು ತಪ್ಪಿದರೂ ಊರಿನ ಓದುಗರು ಕಥೆಯಿಂದ ಎದ್ದು ಹೊರಗೆ ಹೋಗುತ್ತಾರೆ, ಮತ್ತೆ ಒಳಗೆ ಕರೆಯುವುದು ಕಷ್ಟ. ಎಲ್ಲ ತಿದ್ದಿದೆ. ಗೆಳತಿ ಇನ್ನೊಂದು ಒಳ್ಳೆಯ ಮಾತು ಹೇಳಿದಳು. ಕಾನೂನು ಕೇಳುವುದು ಅದೇ ನೆರೆಕರೆಯ ಇಬ್ಬರಾದರೂ ಮರ್ಯಾದಸ್ಥರನ್ನು. ಅಂದರೆ ಪಂಚರು ಎಲ್ಲಿಂದಲೋ ಬಂದವರಲ್ಲ, ಸತ್ತವನ ಜೊತೆ ನಿನ್ನೆಯವರೆಗೆ ಎಲೆಅಡಿಕೆ ಹಂಚಿಕೊಂಡವರು. ಇದನ್ನು ಎದೆಯಲ್ಲಿಟ್ಟುಕೊಂಡು ಮತ್ತೆ ಬರೆಯಲು ಕೂತೆ. ಆದರೂ ಹೆದರಿಕೆ ಬರಲಿಲ್ಲ.

ಬಾಗಿಲು ತೆರೆದದ್ದು ಅಮ್ಮ.

ಅವರು ತೆಂಗಿನಕಾಯಿ ತುರಿಯುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದೆ. ಮಹಜರು ಹೀಗಿತ್ತು: "ಸದರಿ ಬಾವಿಯು ಮುರಕಲ್ಲಿನಿಂದ ಕಟ್ಟಿದ್ದು, ಕಟ್ಟೆಯ ಎತ್ತರ 1 ಅಡಿ 6 ಅಂಗುಲ ಇರುತ್ತದೆ. ಕಟ್ಟೆಯ ಅಂಚಿನಿಂದ ನೀರಿನ ಮಟ್ಟಕ್ಕೆ 14 ಅಡಿ ಇರುತ್ತದೆ. ಪೂರ್ವಕ್ಕೆ ಹಟ್ಟಿ, ಪಶ್ಚಿಮಕ್ಕೆ ವಾಸದ ಮನೆ, ಉತ್ತರಕ್ಕೆ ಅಡಿಕೆ ತೋಟ, ದಕ್ಷಿಣಕ್ಕೆ ತೋಡು ಇರುತ್ತದೆ."

ಅಮ್ಮ ತುರಿಯುವುದು ನಿಲ್ಲಿಸಿದರು. "ಆಟಿಯಲ್ಲಿ ಬಾವಿಯ ನೀರು 14 ಅಡಿ ಕೆಳಗಾ? ಆಗಲಿಕ್ಕೇ ಇಲ್ಲ ಮಗಾ. ಗದ್ದೆಬದಿಯ ಬಾವಿ ಅಂದರೆ ಆಟಿಯಲ್ಲಿ ನಾವು ಚೊಂಬು ಹಿಡಿದು ಬಗ್ಗಿ ಮೊಗೆಯುತ್ತಿದ್ದೆವು. ಹಗ್ಗ ಯಾರಿಗೆ ಬೇಕಿತ್ತು?"

ಸರಿಯಾದ ಮಾತು. ಆ 14 ನಾನು ಲೆಕ್ಕ ಹಾಕದೆ ಬರೆದ ಸಂಖ್ಯೆ. ತಿದ್ದಲು ಪೆನ್ನು ಎತ್ತಿದವಳು ಹಾಗೇ ನಿಂತೆ. ಯಾಕೆಂದರೆ ಮೂರನೇ ಅಧ್ಯಾಯದಲ್ಲಿ ಹುಡುಗಿಯ ನೆನಪು ಅಮ್ಮ ಹೇಳಿದ ಹಾಗೇ ಇದೆ: "ಕಟ್ಟೆಗೆ ಹೊಟ್ಟೆ ಆನಿಸಿ ಕೈ ಚಾಚಿದರೆ ನೀರು ಬೆರಳಿಗೆ ತಾಗುತ್ತಿತ್ತು." ಕಾಗದ ಹೇಳುವುದು 14 ಅಡಿ. ಪೊಲೀಸರು ಅಳೆದಿದ್ದಾರೆ, ಇಬ್ಬರು ನೆರೆಯವರು ನಿಂತು ನೋಡಿ ಸಹಿ ಹಾಕಿದ್ದಾರೆ. ಹಾಗಾದರೆ ಅವರು ಆ ದಿನ ಯಾವ ಬಾವಿಯ ಹತ್ತಿರ ನಿಂತಿದ್ದರು?

ಕೈ ತಣ್ಣಗಾಯಿತು. ಆರು ಸಲ ಬರೆದು ಸಿಗದೇ ಇದ್ದದ್ದು ಒಂದು ತಪ್ಪು ಸಂಖ್ಯೆಯಲ್ಲಿ ಇತ್ತು.

ಅಲ್ಲಿಂದ ಮುಂದೆ ನೋಡುತ್ತಾ ಹೋದಾಗ ಇನ್ನೊಂದು ಕಂಡಿತು. ನನಗೆ ನಿಜವಾಗಿ ಹೇಳಬೇಕಾದದ್ದು ಇದೇ. ಮಹಜರಿನ ಕನ್ನಡದಲ್ಲಿ 'ಇತ್ತು' ಇಲ್ಲ. ಎಲ್ಲವೂ 'ಇರುತ್ತದೆ'. ಶವವು ಅಂಗಾತ ಮಲಗಿರುತ್ತದೆ. ಬಲಗೈ ಎದೆಯ ಮೇಲೆ ಇರುತ್ತದೆ. ಬಾಯಿ ತೆರೆದಿರುತ್ತದೆ. ನಾವು ಇದನ್ನು ಕಚೇರಿ ಕನ್ನಡ ಅಂತ ದಾಟಿ ಹೋಗುತ್ತೇವೆ ಅಲ್ವಾ? ಒಂದು ಸಲ ನಿಧಾನವಾಗಿ, ಅಕ್ಷರಕ್ಕೆ ಇರುವ ಅರ್ಥದಲ್ಲೇ ಓದಿ ನೋಡಿ. ಸತ್ತವನನ್ನು ಮನೆಯವರು ಸುಟ್ಟಿದ್ದಾರೆ, ಬೂದಿ ಬಿಟ್ಟಿದ್ದಾರೆ, ಬೊಜ್ಜ (ಉತ್ತರಕ್ರಿಯೆ) ಮಾಡಿದ್ದಾರೆ. ಕಾಗದದಲ್ಲಿ ಮಾತ್ರ ಅವನು ಇನ್ನೂ ಮಲಗಿರುತ್ತಾನೆ. ಇವತ್ತೂ. ನೀವು ಓದುವಾಗಲೂ. ನೆನಪಿನ ಕನ್ನಡದಲ್ಲಿ ಎಲ್ಲ ಮುಗಿದಿದೆ: ಬಂದ, ಬಿದ್ದ, ಹೋದ. ಫೈಲಿನ ಕನ್ನಡದಲ್ಲಿ ಯಾವುದೂ ಮುಗಿಯುವುದಿಲ್ಲ.

ಹಾಗಾಗಿ ಮಹಜರನ್ನು ಹೆದರಿಕೆ ಹುಟ್ಟಿಸುವ ಹಾಗೆ ಬರೆಯುವುದನ್ನು ಬಿಟ್ಟೆ. ಅದು ಒಣಗಿದ ಮಹಜರಾಗಿಯೇ ಇರಲಿ. ಅದರ ನಂತರದ ನೆನಪಿನೊಳಗೆ ಅದರ ಭಾಷೆ ಸೋರಬೇಕು, ಮಳೆಗಾಲದಲ್ಲಿ ಗೋಡೆಗೆ ತೇವ ಏರುವ ಹಾಗೆ. ಐದನೇ ಅಧ್ಯಾಯದಲ್ಲಿ ಅವಳು ತನ್ನದೇ ಬಾಲ್ಯ ಹೇಳುತ್ತಿರುವಾಗ ಒಂದೇ ಒಂದು ಕಡೆ, "ಅಜ್ಜಿ ಚಾವಡಿಯಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಒಂದು ಚಿಮಿಣಿ ದೀಪ ಇರುತ್ತದೆ." ಅಷ್ಟೇ. ಕೆಲವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಏಳನೇ ಅಧ್ಯಾಯಕ್ಕೆ ಬರುವಾಗ ನೀರು ಬೆರಳಿಗೆ ತಾಗಿದ ನೆನಪು ಹೋಗಿಬಿಟ್ಟಿದೆ. "ನಾನು ಕೊಡಪಾನ ಇಳಿಸಿದೆ. ಹಗ್ಗ ತುಂಬಾ ಹೊತ್ತು ಇಳಿಯಿತು. ಕೆಳಗೆ ನೀರು ಇರುತ್ತದೆ." ತಾನು ಬದಲಾದದ್ದು ಅವಳಿಗೆ ಗೊತ್ತಿಲ್ಲ. ಓದುವವರಿಗೆ ಗೊತ್ತು.

ಮೊದಲು ಓದಿದ ಇಬ್ಬರೂ ಒಂದೇ ಪ್ರಶ್ನೆ ಕೇಳಿದರು, ಎರಡನೇ ಬಾವಿ ಇತ್ತಾ ಅಂತ. ಹೇಳುವುದಿಲ್ಲ. ಹೇಳಿದರೆ ಅದು ಪತ್ತೆಹಚ್ಚುವ ಕಥೆ ಆಗುತ್ತದೆ, ಪತ್ತೆಯಾದ ಮೇಲೆ ನಿದ್ದೆ ಬರುತ್ತದೆ.

ಇನ್ನೊಂದು ಪ್ರಶ್ನೆಯೂ ಬಂತು: ಕರಾವಳಿಯ ಕಥೆ, ದೈವ ಯಾಕಿಲ್ಲ? ಬೇಕಂತಲೇ ಇಟ್ಟಿಲ್ಲ. ನಮ್ಮಲ್ಲಿ ದೈವ ಅಂದರೆ ನ್ಯಾಯ ಕೇಳಲು ಹೋಗುವ ಜಾಗ, ಕೈಮುಗಿದು ನಿಲ್ಲುವ ಜಾಗ. ಹೆದರಿಸುವುದಕ್ಕೆ ಅದನ್ನು ಎಳೆದು ತರಲು ನನಗೆ ಮನಸ್ಸಿಲ್ಲ. ಅದೇ ಥರ ಈ ಜಿಲ್ಲೆಯಲ್ಲಿ ನಿಜವಾಗಿ ನಡೆದ ಯಾವ ಸಾವನ್ನೂ ತೆಗೆದುಕೊಂಡಿಲ್ಲ. ಇಲ್ಲಿ ಎಲ್ಲರಿಗೂ ಎಲ್ಲರ ಗುರುತು ಉಂಟು. ಯಾರದೋ ಮನೆಯ ದುಃಖಕ್ಕೆ ಹೆಸರು ಮಾತ್ರ ಬದಲಿಸಿ ಬರೆದರೆ ಆ ಮನೆಯವರಿಗೆ ಎರಡು ಸಾಲಿನಲ್ಲಿ ತಿಳಿಯುತ್ತದೆ. ನಿಜದ ಹಾಗೆ ಕಾಣಿಸುವ ಕೆಲಸವನ್ನು ಭಾಷೆ ಮಾಡಬೇಕು, ಬೇರೆಯವರ ಹೆಣ ಅಲ್ಲ.

ಈಗ ಸಾಮಾನಿನ ತಕರಾರು. ಫೈಲಿನ ಪುಟಗಳನ್ನು ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿ ಪುಸ್ತಕದಲ್ಲಿ ಹಾಕುವ ಯೋಜನೆ. ಹಳೆಯ ಲೆಡ್ಜರ್ ಕಾಗದ ಅಂತ ಆನ್‌ಲೈನಿನಲ್ಲಿ ಒಂದು ಕಟ್ಟು ತರಿಸಿದೆ. ಬಿಚ್ಚಿದರೆ ಹೊಸ ಕಾಗದ, ಚಹಾದಲ್ಲಿ ಅದ್ದಿ ಒಣಗಿಸಿದ್ದು. ಏಲಕ್ಕಿಯ ವಾಸನೆ ಬೇರೆ! ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಸೋದರಮಾವನ ಅಟ್ಟದಲ್ಲಿ ನಿಜವಾದ ಹಳೆಯ ಫೂಲ್‌ಸ್ಕೇಪ್ ಹಾಳೆ ಸಿಕ್ಕಿತು, ಆದರೆ ಈ ಜುಲೈ ತಿಂಗಳ ತೇವಕ್ಕೆ ಶಾಯಿ ಹಾಕಿದರೆ ಹೀರಿ ಹರಡುತ್ತದೆ. ಹಾಳೆಗಳನ್ನು ಅಕ್ಕಿ ಡಬ್ಬದಲ್ಲಿಟ್ಟು, ಒಂದೊಂದೇ ತೆಗೆದು ಬರೆಯುತ್ತಿದ್ದೇನೆ.

ಪ್ರೆಸ್ಸಿನ ವಿಷಯ ಅದಕ್ಕಿಂತ ಜಾಸ್ತಿ ತಲೆನೋವು. ಅವರ ಪುಟವಿನ್ಯಾಸ ಈಗಲೂ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ನನ್ನದು ಯುನಿಕೋಡ್. ಪರಿವರ್ತನೆ ಮಾಡಿದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತು, ಒತ್ತಕ್ಷರ ಅಲ್ಲಲ್ಲಿ ಮಾಯ. ಅದನ್ನು ನಾನೇ ಕೂತು ತಿದ್ದಿಯೇನು. ಆದರೆ ಅಲ್ಲಿನ ಹುಡುಗ ಒಳ್ಳೆಯ ಮನಸ್ಸಿನಿಂದ ಐದನೇ ಅಧ್ಯಾಯದ 'ಇರುತ್ತದೆ'ಯನ್ನು 'ಇತ್ತು' ಅಂತ ಸರಿ ಮಾಡಿಬಿಟ್ಟಿದ್ದಾನೆ! ಇಡೀ ಪುಸ್ತಕ ನಿಂತಿರುವುದೇ ಆ ಒಂದು ಪದದ ಮೇಲೆ ಅಂತ ಕೂತು ವಿವರಿಸಿದೆ. ಅವನು ಪೂರ್ತಿ ಕೇಳಿ, "ಅಕ್ಕ, ಹಾಗಾದರೆ ರಾತ್ರಿ ಪಾಳಿಯಲ್ಲಿ ಇದನ್ನು ಮಾಡುವುದಿಲ್ಲ" ಅಂದ. ನನಗೆ ಸಿಕ್ಕ ಮೊದಲ ವಿಮರ್ಶೆ ಅದು, ತುಂಬಾ ಸಂತೋಷವಾಯಿತು.

ಅಟ್ಟ ಅಂದಾಗ ನೆನಪಾಯಿತು, ಮುಂದಿನ ಕಥೆ ಹಂಚಿನದ್ದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಮುಚ್ಚಿದವು. ಹಂಚು ತಿರುಗಿಸಿದರೆ ಅಡಿಯಲ್ಲಿ ಕಾರ್ಖಾನೆಯ ಹೆಸರು ಇರುತ್ತದಲ್ಲ? ಮಾವನ ಅಟ್ಟದಲ್ಲಿ ಟಾರ್ಚ್ ಹಿಡಿದು ಕೂತಾಗ ಹೊಳೆಯಿತು. ಮನೆ ಕೆಡವುವ ಮೊದಲು ಒಬ್ಬ ಹಂಚುಗಳನ್ನು ಎಣಿಸಿ ಪಟ್ಟಿ ಮಾಡುತ್ತಾನೆ. ಮಲಗುವ ಕೋಣೆಯ ಮೇಲೆ ಮಾತ್ರ ಸುಮಾರು ಮನುಷ್ಯನ ಉದ್ದಕ್ಕೆ, ಬೇರೆ ಕಾರ್ಖಾನೆಯ ಹಂಚು. ಯಾವಾಗಲೋ ಯಾರೋ ಅಲ್ಲಿಂದ ಇಳಿದಿದ್ದಾರೆ, ಅಥವಾ ಹತ್ತಿದ್ದಾರೆ. ಕಥೆ ಪೂರ್ತಿ ಆ ಪಟ್ಟಿಯ ರೂಪದಲ್ಲೇ. ಆದರೆ ಇದು ಮುಗಿಯದೆ ಅದಕ್ಕೆ ಕೈ ಹಾಕುವುದಿಲ್ಲ ಅಂತ ಅಮ್ಮನ ಹತ್ತಿರ ಮಾತು ಕೊಟ್ಟಿದ್ದೇನೆ.

ಸದ್ಯ ಉಳಿದದ್ದು ಎಂಟನೇ ಅಧ್ಯಾಯ, ಅಜ್ಜಿಯ ಕೊನೆಯ ರಾತ್ರಿ. ಅಜ್ಜಿ ಮಾತಾಡುವುದೆಲ್ಲ ತುಳು, ಮೊಮ್ಮಗಳು ಅದನ್ನು ನಮಗೆ ಕನ್ನಡದಲ್ಲಿ ಹೇಳುತ್ತಾಳೆ. ಶಾಲೆಯ ಮೆಟ್ಟಿಲು ಹತ್ತದವಳು, ಠಾಣೆ ನೋಡದವಳು. ಅವಳು ಹಾಸಿಗೆಯಲ್ಲಿ ಮೊಮ್ಮಗಳ ಕೈಹಿಡಿದು ತುಳುವಿನಲ್ಲೇ ಮಾತಾಡುತ್ತಾ ಮಾತಾಡುತ್ತಾ, ಮಧ್ಯದಲ್ಲಿ ಒಂದು ಸಲ 'ಸದರಿ ಬಾವಿ' ಅನ್ನುತ್ತಾಳೆ. ಅಪ್ಪಟ ಫೈಲಿನ ಪದ. ಅದನ್ನು ಬರೆದು ನೋಡಿದೆ, ಇಡುತ್ತೇನೆ. ಅದರ ಮೊದಲೋ ನಂತರವೋ ಫೈಲಿನ ಕೊನೆಯ ಹಾಳೆ ಬರಬೇಕು, ಎರಡೂ ಕಡೆ ಇಟ್ಟು ಓದಿ ನೋಡಬೇಕು. ಆ ಹಾಳೆ ಕಾರ್ಬನ್ ಪ್ರತಿ. ನೇರಳೆ ಬಣ್ಣದ ಹಳೆಯ ಕಾರ್ಬನ್ ಉಡುಪಿಯ ಅಂಗಡಿಗಳಲ್ಲಿ ಕೇಳಿ ಸೋತೆ, ನಾಳೆ ಮಂಗಳೂರಿನ ಹಂಪನಕಟ್ಟೆಯ ಕಡೆ ಹೋಗಿ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಯಾರದಾದರೂ ಹಳೆಯ ಪೆಟ್ಟಿಗೆಯಲ್ಲಿ ಇದ್ದರೆ ಹೇಳಿ, ನಾಲ್ಕು ಹಾಳೆ ಸಾಕು.